ಎಂಬತ್ತನಾಲ್ಕನೇ ಕುಣಿಕೆ

ನಮ್ಮ ಮನೆಯವರಿಗೆ ಎರಡು ಚಟ. ಒಂದು ಅಡುಗೆ, ಇನ್ನೊಂದು ಕ್ರೋಶಾ. ಇದನ್ನು ಕೇಳಿದ ಹೆಂಗಸರೆಲ್ಲ "ಅಯ್ಯೋ, ಪುಣ್ಯ ಮಾಡಿದ್ದೀರಿ ಬಿಡಿ" ಎನ್ನುತ್ತಾರೆ. ಹಾಗೆನ್ನುವವರು ಒಂದು ವಾರ ನಮ್ಮ ಮನೆಯಲ್ಲಿ ಇದ್ದು ನೋಡಲಿ. ಟೀ ಕೆಟಲಿಗೆ ಸ್ವೆಟರು, ಫೋನಿಗೆ ಅಂಗಿ, ನೀರಿನ ಬಾಟಲಿಗೆ ಪೈಜಾಮ, ಕುರ್ಚಿಯ ನಾಲ್ಕೂ ಕಾಲಿಗೆ ಕಾಲುಚೀಲ. ಮೈಮೇಲೆ ನೂಲಿಲ್ಲದ ವಸ್ತು ಎಂದರೆ ಈಗ ಫ್ರಿಜ್ ಒಂದೇ ಉಳಿದಿದೆ. ಅದಕ್ಕೂ ಮೊನ್ನೆ ಟೇಪು ಹಿಡಿದು ಅಳತೆ ತೆಗೆದುಕೊಳ್ಳುತ್ತಿದ್ದರು.

ಈ ಚಟ ಹತ್ತಿಸಿದ್ದು ಡಾಕ್ಟರು. ಮನೆಯವರು ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು. ಇಡೀ ದಿನ ಪೆಟ್ಟಿಗೆ ತೂಗಿ ಚೀಟಿ ಅಂಟಿಸುವುದು, ಸಂಜೆ ಮನೆಗೆ ಬಂದು ಉಗುರು ಕಚ್ಚುತ್ತ ಕೂರುವುದು. ಕಚ್ಚಲು ಉಗುರೇ ಉಳಿಯದೆ ಹೋದಾಗ ಡಾಕ್ಟರು "ಬೆರಳಿಗೆ ಏನಾದ್ರೂ ಕೆಲಸ ಕೊಡಿ" ಎಂದರು. ಕೊಟ್ಟೆವು. ಬೆಳಿಗ್ಗೆ ಸೌಟು, ಸಂಜೆ ಕ್ರೋಶಾ ಕಡ್ಡಿ. ಅಲ್ಲಿಂದೀಚೆಗೆ ನಾನು ನಮ್ಮ ಅಡುಗೆಮನೆಗೆ ನೀರು ಕುಡಿಯಲು ಮಾತ್ರ ಹೋಗುತ್ತೇನೆ, ಅದೂ ಒಂದು ಮಾತು ಕೇಳಿಕೊಂಡು. ಸುಳ್ಳೇಕೆ ಹೇಳಲಿ, ಊಟ ಬಹಳ ಸೊಗಸು. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ನನ್ನ ಅಡುಗೆಯಲ್ಲಿ ಅಳತೆ ಎಲ್ಲ ಸರಿ ಇರುತ್ತಿತ್ತು, ರುಚಿ ಮಾತ್ರ ಯಾಕೋ ಬರುತ್ತಿರಲಿಲ್ಲ.

ಇನ್ನು ಕ್ರೋಶಾ ವಿಷಯ. ಇದು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಕ್ರೋಶಾ ಎಂದರೆ ನೂಲು, ಕೊಕ್ಕೆ ಕಡ್ಡಿ ಮತ್ತು ಎಣಿಕೆ. ಒಂದೊಂದು ಸಾಲಿಗೆ ಎಷ್ಟು ಕುಣಿಕೆ ಎಂದು ಎಣಿಸುತ್ತಲೇ ಹೋಗಬೇಕು. ನಡುವೆ ಲೆಕ್ಕ ತಪ್ಪಿತೋ, ಇಡೀ ಸಾಲು ಬಿಚ್ಚಬೇಕು. ಆಗ ಯಾರಾದರೂ ಮಾತನಾಡಿಸಿದರೆ ನಮ್ಮವರು ತಲೆ ಎತ್ತುವುದಿಲ್ಲ. "ಎಣಿಸ್ತಾ ಇದೀನಿ" ಎನ್ನೋಣವೆಂದರೆ, ಅಷ್ಟು ಹೇಳುವುದರೊಳಗೆ ಲೆಕ್ಕ ಹಾರಿಹೋಗುತ್ತದೆ. ಸುಮ್ಮನಿದ್ದರೆ ಎದುರಿಗಿದ್ದವರಿಗೆ ಬೇಜಾರು. ನಮ್ಮವರು ಮಹಾ ಸಂಕೋಚದ ಮನುಷ್ಯ. ಹಾಗಾಗಿ ಅವರೇ ಒಂದು ಉಪಾಯ ಕಂಡುಕೊಂಡಿದ್ದರು. ಯಾರು ಏನು ಕೇಳಿದರೂ, ಬಾಯಲ್ಲಿದ್ದ ಸಂಖ್ಯೆಯನ್ನೇ ಸ್ವಲ್ಪ ಗಟ್ಟಿಯಾಗಿ, ನಗುನಗುತ್ತ ಹೇಳಿಬಿಡುವುದು. "ರೀ, ಗ್ಯಾಸ್ ಆರಿಸಿದ್ರಾ?" "ಮೂವತ್ತೊಂದು." ಮನೆಯಲ್ಲಿ ಇದು ನಡೆಯುತ್ತಿತ್ತು, ನಾನೇ ಹೋಗಿ ಆರಿಸುತ್ತಿದ್ದೆ. ಹೊರಗಿನವರಿಗೆ ಏನು ಗೊತ್ತು?

ನಮ್ಮದು ಐದು ಮಹಡಿಯ ಹಳೆಯ ಕಟ್ಟಡ. ನಾವು ನೆಲಮಹಡಿಯವರು. ಇಷ್ಟು ವರ್ಷ ಲಿಫ್ಟಿರಲಿಲ್ಲ. ಮೂರನೇ ಮಹಡಿಯಲ್ಲಿ ಒಬ್ಬರು ಅಜ್ಜಿ, ನರ್ಸ್ ಕೆಲಸದ ಮೊಮ್ಮಗಳ ಜೊತೆ ಇದ್ದಾರೆ. ಮಂಡಿ ಕೈಕೊಟ್ಟ ಮೇಲೆ ಅವರು ಕೆಳಗೆ ಇಳಿದೇ ಇರಲಿಲ್ಲ. ಮೊಮ್ಮಗಳು ಡ್ಯೂಟಿಗೆ ಹೋದ ದಿನ ಅಜ್ಜಿ ಕಿಟಕಿಯಿಂದ ಹಗ್ಗ ಇಳಿಬಿಡುತ್ತಾರೆ. ಅದರ ತುದಿಗೆ ನಮ್ಮವರು ಹೆಣೆದುಕೊಟ್ಟ ಕ್ರೋಶಾ ಚೀಲ. ನಮ್ಮವರು ಅದರಲ್ಲಿ ಬಿಸಿಬಿಸಿ ಸೂಪಿನ ಡಬ್ಬಿ ಇಡುತ್ತಾರೆ, ಅಜ್ಜಿ ಎಳೆದುಕೊಳ್ಳುತ್ತಾರೆ. ಇಬ್ಬರೂ ಮಾತಾಡುವುದು ಹೀಗೆ, ಮೇಲೆ ಕೆಳಗೆ ಕೂಗಿಕೊಂಡೇ.

ಕಡೆಗೂ ಕಟ್ಟಡದ ಸಂಘದವರು ಲಿಫ್ಟ್ ಹಾಕಿಸಿದರು. ಭಾನುವಾರ ಉದ್ಘಾಟನೆ. ಮೊದಲು ಅಜ್ಜಿ ಇಳಿದು ಬರುವುದು, ಅಂಗಳದಲ್ಲಿ ಎಲ್ಲರ ಜೊತೆ ಕೂತು ಊಟ ಮಾಡುವುದು ಎಂದು ತೀರ್ಮಾನವಾಯಿತು. ಸಂಘದ ಕಾರ್ಯದರ್ಶಿಗಳು ನಿವೃತ್ತ ಬ್ಯಾಂಕ್ ಮ್ಯಾನೇಜರು. ಹಿಂದಿನ ಭಾನುವಾರ ಅವರು ನಮ್ಮ ಬಾಗಿಲಿಗೆ ಬಂದಿದ್ದಾರೆ. ನಾನು ಮನೆಯಲ್ಲಿರಲಿಲ್ಲ. ಆಮೇಲೆ ಅವರೇ ಎರಡೂ ಪಾರ್ಟು ಮಾಡಿ ತೋರಿಸಿದ್ದರಿಂದ ನನಗೆ ಮಾತು ಮಾತೂ ಗೊತ್ತು.

ನಮ್ಮವರು ಮೆಟ್ಟಿಲ ಮೇಲೆ ಕೂತು ಮಂಚದ ಹೊದಿಕೆ ಹೆಣೆಯುತ್ತಿದ್ದರಂತೆ. ಕಾರ್ಯದರ್ಶಿಗಳು ಕೇಳಿದ್ದು ಇಷ್ಟು: "ಸಾರ್, ಅಜ್ಜಿಗೆ ನಿಮ್ಮ ಕೈ ಸೂಪೇ ಬೇಕಂತೆ. ಮಿಕ್ಕಿದ್ದು ಹೋಟೆಲಿಂದ ತರಿಸ್ತೀವಿ. ನಿಮ್ಮ ಕೈಲಿ ಎಷ್ಟು ಜನಕ್ಕೆ ಮಾಡೋಕಾಗ್ಬೋದು?"

"ಎಂಬತ್ತನಾಲ್ಕು."

"ಎಂಬತ್ತನಾಲ್ಕಾ! ಒಬ್ಬರೇನಾ?"

"ಎಂಬತ್ತೈದು."

"ಅಲ್ಲ ಸಾರ್, ಅಷ್ಟೊಂದು ಕಷ್ಟ ಆಗಲ್ವಾ ನಿಮಗೆ?"

"ಎಂಬತ್ತಾರು."

"ಟೀಚರಮ್ಮನ್ನ ಒಂದ್ಮಾತು ಕೇಳೋದು ಬೇಡ್ವಾ?"

"ಎಂಬತ್ತೇಳು!"

"ಇನ್ನೊಂದಷ್ಟು ಮಾತಾಡಿಸಿದ್ರೆ ನೂರು ದಾಟಿಬಿಡೋರು" ಎಂದು ಕಾರ್ಯದರ್ಶಿಗಳು ನನ್ನೆದುರು ಕಣ್ಣೊರೆಸಿಕೊಂಡರು. "ತೊಂಬತ್ತಕ್ಕೆ ನಾನೇ ಬಾಯಿ ಮುಚ್ಕೊಂಡು ಬಂದೆ. ಬ್ಯಾಂಕಲ್ಲಿ ಅಷ್ಟು ವರ್ಷ ಇದ್ದೆ ಟೀಚರಮ್ಮ. ಕಷ್ಟ ಅಂದ್ರೆ ಇನ್ನೊಬ್ಬರನ್ನ ಜಾಸ್ತಿ ಸೇರಿಸ್ಕೊಳ್ಳೋ ಮನುಷ್ಯನ್ನ ನಾನು ನೋಡೇ ಇಲ್ಲ. ಹೋಟೆಲಿನವನಿಗೆ ಬೇಡ ಅಂತ ಫೋನ್ ಮಾಡಿದೆ. ಆಮೇಲೆ ನೋಡಿದ್ರೆ ನಮ್ಮ ಕಟ್ಟಡದಲ್ಲಿ ಇರೋದೇ ಅರವತ್ತು ಚಿಲ್ಲರೆ ಜನ. ಅವರು ಮಾಡಿದ್ದು ದಂಡ ಆಗ್ಬಾರ್ದಲ್ವಾ? ಹಾಲಿನವನು, ಪೇಪರಿನವನು, ಲಿಫ್ಟ್ ಇನ್ಸ್‌ಪೆಕ್ಟರು, ನನ್ನ ಹಳೇ ಬ್ರಾಂಚಿನವರು, ಎಲ್ಲರನ್ನೂ ಕರೆದು ಲೆಕ್ಕ ಭರ್ತಿ ಮಾಡಿದೀನಿ."

ಮನೆಯೊಳಗೆ ಹೋದೆ. ನಮ್ಮವರು ಹೊದಿಕೆಯನ್ನು ಬೆಳಕಿಗೆ ಹಿಡಿದು ಮುದ್ದಾಗಿ ನೋಡುತ್ತಿದ್ದರು.

"ರೀ, ಕಾರ್ಯದರ್ಶಿಗಳು ಬಂದಿದ್ರಾ?"

"ಯಾರೂ ಬರ್ಲಿಲ್ವಲ್ಲೇ." ಆಮೇಲೆ ಕನ್ನಡಕ ಸರಿಮಾಡಿಕೊಂಡು ಹೊದಿಕೆ ತಡಕಿದರು. "ಬಂದಿರ್ಬೋದು ಕಣೇ. ಇಗೋ ಇಲ್ಲಿ, ಎಂಬತ್ತೆಂಟರ ಹತ್ರ ಒಂದು ಕುಣಿಕೆ ಸಡಿಲ ಬಿದ್ದಿದೆ. ಯಾರೋ ಎದುರಿಗೆ ನಿಂತಿದ್ದಂಗಿದೆ."

"ತೊಂಬತ್ತು ಜನಕ್ಕೆ ಊಟ ಒಪ್ಕೊಂಡಿದೀರಂತೆ!"

ಕಡ್ಡಿ ಕೈಯಿಂದ ಜಾರಿ ಟಣ್ಣೆಂದಿತು. ನಮ್ಮ ಮನೆಯ ಒಲೆಗೆ ಎರಡೇ ಉರಿ, ಇರುವ ಪಾತ್ರೆಯಲ್ಲಿ ಅತಿ ದೊಡ್ಡದು ಒಂಬತ್ತು ಜನಕ್ಕಾದರೆ ಹೆಚ್ಚು. ನಾನು ಬಾಯಿಗೆ ಬಂದಂತೆ ಬೈದೆ. ಬೈದ ಮೇಲೆ, "ಈಗಲೇ ಹೋಗಿ ನಿಜ ಹೇಳಿ ಬನ್ನಿ" ಎಂದು ದಬ್ಬಿದೆ. ಹೋದರು. ಎರಡು ಮೆಟ್ಟಿಲಿಗೊಮ್ಮೆ ನಿಂತು ನಿಂತು ಹೋದರು. ಬಂದಾಗ ಮುಖ ಇನ್ನೂ ಸಣ್ಣದಾಗಿತ್ತು.

"ಹೇಳಿದ್ರಾ?"

"ಬಾಯಿ ತೆಗೆದೆ ಕಣೇ. ಅಷ್ಟರಲ್ಲಿ ತಬ್ಬಿಕೊಂಡುಬಿಟ್ರು."

"ಆಮೇಲೆ?"

"ಕೊನೇಲಿ ಸಿಹಿನೂ ಇರುತ್ತಾ ಅಂತ ಕೇಳಿದ್ರು."

"ನೀವೇನಂದ್ರಿ?"

"ತಬ್ಬಿಕೊಂಡಿರುವಾಗ ಇಲ್ಲ ಅನ್ನೋಕಾಗುತ್ತೇನೇ?"

ಇನ್ನು ಇವರನ್ನು ನಂಬಿ ಕೂತರೆ ಆಗದು ಎಂದು ನಾನೇ ಹೊರಟೆ. ಮೊದಲು ಅಜ್ಜಿಗೆ ಹೇಳಿಬಿಡೋಣ, ಅವರು ದೊಡ್ಡವರು, ಅವರು ಬೇಡವೆಂದರೆ ಕಾರ್ಯದರ್ಶಿಗಳೂ ತೆಪ್ಪಗಾಗುತ್ತಾರೆ ಎಂದುಕೊಂಡು ಮೂರನೇ ಮಹಡಿ ಹತ್ತಿದೆ. ಅಜ್ಜಿ ಒಳ್ಳೆಯ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಹರವಿಕೊಂಡು ಕೂತಿದ್ದರು.

"ಬಾ ಮಗಳೇ. ಭಾನುವಾರಕ್ಕೆ ಈ ನೀಲಿ ಚೆನ್ನಾಗಿರುತ್ತಾ, ಈ ಹಸಿರಾ?"

"ಅಜ್ಜಿ, ಅದೇ ಭಾನುವಾರದ್ದೇ ಒಂದು ಮಾತು ಹೇಳೋಣ ಅಂತ..."

"ಹೇಳ್ತೀಯಂತೆ ಇರು. ನನ್ನ ಕಷ್ಟ ಕೇಳು ಮೊದಲು. ಕಿಟಕಿಯಿಂದ ಎಲ್ಲರ ನೆತ್ತಿ ನೋಡಿ ನೋಡಿ ಸಾಕಾಗಿಹೋಗಿದೆ. ಯಾರಿಗೆ ಎಷ್ಟು ಕೂದಲು ಉದುರಿದೆ ಅಂತ ಬೇಕಾದ್ರೆ ಕೇಳು, ಹೇಳ್ತೀನಿ. ಮುಖಗಳೇ ಮರೆತುಹೋಗಿವೆ. ನಿನ್ನ ಗಂಡನಿಗೂ ನಡುನೆತ್ತಿ ಬೋಳಾಗ್ತಾ ಇದೆ. ಅವನಿಗೆ ಹೇಳ್ಬೇಡ, ನೊಂದ್ಕೋತಾನೆ." ಅಜ್ಜಿ ನೀಲಿ ಬಟ್ಟೆಯನ್ನು ಮಡಿಲಲ್ಲಿಟ್ಟು ಸವರಿದರು. "ಭಾನುವಾರ ಎಲ್ಲರ ಮುಖ ನೋಡಿಕೊಂಡು, ಜೊತೇಲಿ ಕೂತು ನಾಲ್ಕು ತುತ್ತು ತಿನ್ಬೇಕು. ಅಷ್ಟೇ ನನಗೆ ಬೇಕಾಗಿರೋದು. ಈಗ ಹೇಳು, ನೀನೇನೋ ಅಂತಿದ್ದೆ?"

"ನೀಲಿನೇ ಚೆನ್ನಾಗಿದೆ ಅಜ್ಜಿ" ಎಂದೆ. ಕೆಳಗೆ ಬಂದು, "ರೀ, ಏನಾದರಾಗಲಿ, ಮಾಡೇಬಿಡೋಣ" ಎಂದೆ.

ಶನಿವಾರ ಬಾಗಿಲು ತೆರೆದರೆ ನಮ್ಮ ನಾದಿನಿ, ಎರಡು ದೊಡ್ಡ ಸೂಟ್‌ಕೇಸಿನ ಸಮೇತ. ಅಣ್ಣನ ಕೈ ಹಿಡಿದುಕೊಂಡು ಗೊಳೋ ಎಂದಳು. "ಯಾವತ್ತು ಫೋನ್ ಮಾಡಿದ್ರೂ 'ನೋಡೋಣ, ನೋಡೋಣ' ಅಂತಿದ್ಯಲ್ಲ ಅಣ್ಣ. ಮೊನ್ನೆ 'ಎಷ್ಟು ದಿನಕ್ಕೆ ಬರ್ಲಿ' ಅಂದಾಗ ಒಂದು ಕ್ಷಣನೂ ಯೋಚನೆ ಮಾಡ್ದೆ 'ಹದಿನೇಳು' ಅಂದ್ಯಲ್ಲ, ಫೋನ್ ಇಟ್ಟು ಅತ್ತುಬಿಟ್ಟೆ!"

ನಾನು ಮನೆಯವರ ಮುಖ ನೋಡಿದೆ. ಮನೆಯವರು ಗೋಡೆ ನೋಡಿದರು. "ಅತ್ತಿಗೆ, ನಿಮಗೆ ತೊಂದ್ರೆ ಇಲ್ಲ ತಾನೇ?" ಎಂದಳು ನಾದಿನಿ. "ಛೆ ಛೆ, ಒಳಗೆ ಬಾ. ಈರುಳ್ಳಿ ಹೆಚ್ಚೋಕೆ ಬರುತ್ತಲ್ಲ?" ಎಂದು ಕೈಗೆ ಚಾಕು ಕೊಟ್ಟೆ. ಹೇಗೂ ಅಳುತ್ತಿದ್ದಳು.

ಗಣಿತದವಳಾದ ಕಾರಣ ಲೆಕ್ಕ ನಾನು ಹಾಕಿದೆ. ಕಟ್ಟಡದಲ್ಲಿ ಹತ್ತು ಮನೆಯ ಒಲೆ ಹೊತ್ತಿಸೋಣ, ಒಂದೊಂದರಲ್ಲಿ ಒಂಬತ್ತು ಜನದ ಸೂಪು, ಒಂದೇ ಅಳತೆ, ಒಂದೇ ತರಕಾರಿ. ಆಲೂಗೆಡ್ಡೆ, ಕ್ಯಾರೆಟ್, ಬಟಾಣಿ, ಈರುಳ್ಳಿ, ಮೆಣಸಿನ ಪುಡಿ. ಬ್ರೆಡ್ಡು ಬೇಕರಿಯಿಂದ, ಕೇಕು ನಮ್ಮವರದು. ನಾದಿನಿಯೂ ನಾನೂ ಹೆಚ್ಚಿದ ತರಕಾರಿಯನ್ನು ಭಾನುವಾರ ಬೆಳಿಗ್ಗೆ ಮನೆ ಮನೆಗೆ ಹಂಚಿದೆವು. ನಮ್ಮವರಿಗೆ ಇದ್ದದ್ದು ಒಂದೇ ಕೆಲಸ, ಚಮಚ ಹಿಡಿದು ಮಹಡಿ ಮಹಡಿ ಹತ್ತಿ ರುಚಿ ನೋಡುವುದು. ಉದ್ಘಾಟನೆಯಾಗದ ಲಿಫ್ಟಿಗೆ ಕಾಲಿಡುವಂತಿಲ್ಲವಲ್ಲ, ಏದುಸಿರು ಬಿಡುತ್ತ ಮೆಟ್ಟಿಲಲ್ಲೇ ಓಡಾಡಿದರು.

ನಮ್ಮ ಜನಕ್ಕೆ ಹೇಳಿದಷ್ಟು ಮಾಡಿ ಗೊತ್ತೇ ಇಲ್ಲ. ನಾಲ್ಕನೇ ಮಹಡಿಯ ಮನೆಯಲ್ಲಿ ಸಪ್ಪೆ ಎಂದು ಎರಡು ಹಿಡಿ ಉಪ್ಪು ಸುರಿದಿದ್ದರು. ಅದರ ಕೆಳಗಿನ ಹಲ್ಲಿನ ಡಾಕ್ಟರು, ಜನ ಅಗಿಯುವುದು ಬೇಡ ಎಂದು ಆಲೂಗೆಡ್ಡೆಯನ್ನೆಲ್ಲ ಅರೆದು ಅಂಟು ಮಾಡಿಟ್ಟಿದ್ದರು. ಕಾರ್ಯದರ್ಶಿಗಳ ಮನೆಯ ಸೂಪು ನೀರೋ ನೀರು, "ಮಿತವ್ಯಯ ಸಾರ್" ಎಂದರಂತೆ. ಒಬ್ಬರು ಬಟಾಣಿಯನ್ನೇ ಆರಿಸಿ ತಿಂದು ಮುಗಿಸಿದ್ದರು. ನಮ್ಮವರು ಹತ್ತನೇ ಮನೆಯ ರುಚಿ ನೋಡಿ ಮೆಟ್ಟಿಲ ಮೇಲೆ ಕುಸಿದರು. "ಹತ್ತು ಪಾತ್ರೆಗೆ ಹತ್ತು ರುಚಿ ಕಣೇ. ಪಕ್ಕದ ತಟ್ಟೇದು ಚೆನ್ನಾಗಿದೆ ಅಂತ ಜಗಳ ಆಗುತ್ತೆ. ಎಲ್ಲಾ ಒಟ್ಟಿಗೆ ಬೆರೆಸಿ ಒಂದು ಕುದಿ ಕುದಿಸಿಬಿಡೋಣ."

ತಾರಸಿಯ ಮೇಲೆ ಸಂಘದ ದೊಡ್ಡ ಒಲೆಯಿತ್ತು, ನಾಲ್ಕು ಜನ ಕೂತು ಸ್ನಾನ ಮಾಡಬಹುದಾದ ಒಂದು ಹಂಡೆಯಿತ್ತು. ಎಲ್ಲರೂ ಕುಣಿದಾಡಿಕೊಂಡು ತಮ್ಮ ತಮ್ಮ ಪಾತ್ರೆ ಹೊತ್ತು ಮೇಲೆ ಹೋದರು. ಸುರಿದರು. ನಮ್ಮವರು ಒಂದು ಗಂಟೆ ಹುಟ್ಟು ಹಾಕಿದರು. ನೀರು ಅಂಟನ್ನು ಸರಿಮಾಡಿತು, ಉಪ್ಪು ಸಪ್ಪೆಯನ್ನು ಸರಿಮಾಡಿತು. ಬಾಯಿಗಿಟ್ಟರೆ ಅಮೃತ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ನಾದಿನಿ ಮೆಲ್ಲಗೆ ಕೇಳಿದಳು: "ಅಣ್ಣ, ಇದನ್ನ ಕೆಳಗಿಳಿಸೋದು ಹೇಗೆ?"

ಚಪ್ಪಾಳೆ ನಿಂತಿತು. ಹತ್ತು ಮನೆಯವರು, ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಬ್ಯಾಂಕ್ ಮ್ಯಾನೇಜರು, ಒಬ್ಬಳು ಗಣಿತದ ಟೀಚರು, ಯಾರ ತಲೆಗೂ ಇದು ಹೊಳೆದಿರಲಿಲ್ಲ. ಕುದಿಯುವ ಹಂಡೆಯನ್ನು ಆ ಇಕ್ಕಟ್ಟು ಮೆಟ್ಟಿಲಲ್ಲಿ ಇಳಿಸಲು ಹೋದರೆ ಉದ್ಘಾಟನೆ ಆಸ್ಪತ್ರೆಯಲ್ಲೇ.

ಅಷ್ಟರಲ್ಲಿ ಕೆಳಗೆ ಲಿಫ್ಟ್ ಇನ್ಸ್‌ಪೆಕ್ಟರು ಬಂದರು. ಬಹಳ ಬಿಗಿ ಮನುಷ್ಯ. ಮೀಸೆ ಕೂಡ ನಿಯಮದ ಪ್ರಕಾರ ಕತ್ತರಿಸಿದಂತಿತ್ತು. "ಭಾರ ಹೇರಿ ಓಡಿಸಿ ನೋಡದ ಹೊರತು ಜನರನ್ನ ಹತ್ತಿಸೋ ಹಾಗಿಲ್ಲ. ಮರಳಿನ ಮೂಟೆ ಎಲ್ಲಿ?" ಮರಳಿನ ಮೂಟೆಯ ಲಾರಿ ಭಾನುವಾರವೆಂದು ಬಂದೇ ಇರಲಿಲ್ಲ. ಕಾರ್ಯದರ್ಶಿಗಳ ಕಣ್ಣು ಮಿಂಚಿತು. "ಭಾರ ತಾನೇ ಸಾರ್? ಮೇಲೆ ರೆಡಿ ಇದೆ."

ಹಂಡೆ, ಬ್ರೆಡ್ಡಿನ ಬುಟ್ಟಿಗಳು, ಕೇಕಿನ ಡಬ್ಬಿ, ಎಲ್ಲವೂ ತಾರಸಿಯಿಂದ ಲಿಫ್ಟಿನೊಳಗೆ ಸೇರಿದವು. ನಾವೆಲ್ಲ ದುಡುದುಡು ಕೆಳಗೋಡಿ ಅಂಗಳದಲ್ಲಿ ನಿಂತೆವು. ಕಾರ್ಯದರ್ಶಿಗಳು ಕತ್ತರಿ ಹಿಡಿದು ರಿಬ್ಬನ್ನಿನ ಮುಂದೆ ನಿಂತರು. ಇನ್ಸ್‌ಪೆಕ್ಟರು ಗುಂಡಿ ಒತ್ತಿದರು. ಬಾಗಿಲ ಮೇಲಿನ ದೀಪದಲ್ಲಿ ಐದು ಬಂತು, ನಾಲ್ಕು ಬಂತು, ಮೂರು ಬಂತು. ಮೂರು ಹಾಗೇ ಉಳಿಯಿತು. ಮೇಲೆಲ್ಲೋ 'ಟಕ್' ಎಂದು ಸದ್ದಾಗಿ ಘಮಘಮ ವಾಸನೆ ಮಾತ್ರ ಕೆಳಗಿಳಿದು ಬಂತು.

ಇನ್ಸ್‌ಪೆಕ್ಟರು ಎಲ್ಲ ಗುಂಡಿಯನ್ನೂ ಒತ್ತಿದರು. ಮೂಗು ಅರಳಿಸಿ ಇನ್ನೊಮ್ಮೆ ಒತ್ತಿದರು. "ಒಂದು ಪಾರ್ಟು ಹೋಗಿದೆ. ಹೊಸದು ಬರೋವರೆಗೆ ಇದು ಅಲ್ಲಾಡಲ್ಲ. ಯಾರನ್ನೂ ಇಳಿಸೋ ಹಾಗಿಲ್ಲ."

ನಮ್ಮವರು ಮೇಲಕ್ಕೆ ಓಡಿದರು. ಹಿಂದೆ ನಾನು. ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದುಕೊಂಡಿತ್ತು. ಒಳಗೆ ಹಂಡೆ ಹಬೆಯಾಡುತ್ತ ಕೂತಿತ್ತು. ಎದುರಿಗೆ ಅಜ್ಜಿ, ನೀಲಿ ಬಟ್ಟೆ ಉಟ್ಟು, ತಲೆ ಬಾಚಿಕೊಂಡು, ಊರುಗೋಲು ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗಳು.

"ನನ್ನ ಕರ್ಕೊಂಡು ಹೋಗೋಕೆ ಬಂತು ಅಂದ್ಕೊಂಡೆ" ಎಂದರು ಅಜ್ಜಿ. ನಗಲು ನೋಡಿದರು, ಆಗಲಿಲ್ಲ. "ಇವತ್ತು ಇಳಿಯೋಕಾಗಲ್ಲ ಅಲ್ವಾ ಮಗಾ? ಹೋಗ್ಲಿ ಬಿಡು. ನನಗೊಂದು ಬಟ್ಟಲು ಕೊಟ್ಟು, ಮಿಕ್ಕಿದ್ದು ನೀವು ಕೆಳಗೆ ತಗೊಂಡು ಹೋಗಿ ಊಟ ಮಾಡಿ. ನಾನು ಕಿಟಕೀಲಿ ನೋಡ್ತಿರ್ತೀನಿ."

ಮನೆಯವರು ಬೆವರು ಒರೆಸಿಕೊಂಡರು. ಸಂಕೋಚದ ಮೂಟೆಯಾದ ಆ ಮನುಷ್ಯ ಮೆಟ್ಟಿಲ ಕಟಕಟೆ ಹಿಡಿದು ಬಗ್ಗಿ, ಮದುವೆಯಾದಾಗಿನಿಂದ ನಾನು ಕೇಳಿರದ ದನಿಯಲ್ಲಿ ಕೂಗಿದರು: "ಊಟ ಇರೋದು ಇಲ್ಲಿ! ಎಲ್ಲರೂ ಮೇಲೆ ಬನ್ನಿ! ಒಬ್ಬರೂ ತಪ್ಪಿಸ್ಕೊಳ್ಳೋ ಹಾಗಿಲ್ಲ!"

ತೊಂಬತ್ತು ಜನ ಮೆಟ್ಟಿಲು ಹತ್ತಿದರು. ಬಟ್ಟಲು ಹಿಡಿದು ಒಬ್ಬೊಬ್ಬರಾಗಿ ಅಜ್ಜಿಯ ಮುಂದೆ ಹಾದುಹೋಗಬೇಕು, ನಮ್ಮವರು ಸೌಟಿನಲ್ಲಿ ಬಡಿಸುವುದು, ನಾದಿನಿ ಬ್ರೆಡ್ಡು ಕೊಡುವುದು. ಅಜ್ಜಿ ಒಬ್ಬೊಬ್ಬರ ಗಲ್ಲ ಹಿಡಿದು ನೋಡಿದರು. "ಓ, ನೀನಾ! ಎಷ್ಟು ದಪ್ಪ ಆಗಿದೀಯೋ!" "ಇವಳು ಮೊನ್ನೆ ಮೊನ್ನೆ ತೆವಳ್ತಿದ್ದೋಳಲ್ವೇನೇ?" ಕಾರ್ಯದರ್ಶಿಗಳು ಬಂದಾಗ ಮುಖ ನೋಡಿ ಗುರುತು ಸಿಗಲಿಲ್ಲ. "ಸ್ವಲ್ಪ ಬಗ್ಗು" ಎಂದರು. ನೆತ್ತಿ ನೋಡಿ, "ಹಾಂ, ಬ್ಯಾಂಕಿನವನು!" ಎಂದರು. ಮೆಟ್ಟಿಲ ಮೇಲೆ ಕೂತವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ನೆಲಮಹಡಿಯಿಂದ ತಾರಸಿಯವರೆಗೆ ಮೆಟ್ಟಿಲು ಮೆಟ್ಟಿಲಿಗೂ ಜನ. ಇಷ್ಟು ವರ್ಷ ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಅಂಟಿಕೊಂಡು ಹೋಗುತ್ತಿದ್ದವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಸೂಪು ಕುಡಿದರು. ಹಲ್ಲಿನ ಡಾಕ್ಟರು ಮೂರು ತುಂಡು ಕೇಕು ತಿಂದರು. ಕಾರ್ಯದರ್ಶಿಗಳು ಎದ್ದು ನಿಂತು, ಒಬ್ಬರೇ ತೊಂಬತ್ತು ಜನಕ್ಕೆ ಒಪ್ಪಿಕೊಂಡ ಮಹಾನುಭಾವರೆಂದು ಭಾಷಣ ಶುರುಮಾಡಿದರು. ನಮ್ಮವರಿಗೆ ತಡೆಯಲಾಗಲಿಲ್ಲ.

"ಸಾರ್, ನಾನು ಒಪ್ಕೊಂಡಿರ್ಲಿಲ್ಲ. ನಾನು ಆವತ್ತು ಕುಣಿಕೆ ಎಣಿಸ್ತಿದ್ದೆ. ದೇವರಾಣೆ."

ಐದೂ ಮಹಡಿ ಗೊಳ್ಳೆಂದಿತು. "ನೋಡಿದ್ರಾ? ಎಂಥಾ ವಿನಯ!" ಎಂದು ಕಾರ್ಯದರ್ಶಿಗಳು ಮತ್ತೆ ತಬ್ಬಿಕೊಂಡರು. ನಾದಿನಿ ಮಾತ್ರ ನಗಲಿಲ್ಲ. ಏನನ್ನೋ ಲೆಕ್ಕ ಹಾಕುವಂತೆ ಅಣ್ಣನನ್ನೇ ದಿಟ್ಟಿಸಿದಳು. ನಾನು ಅವಸರದಲ್ಲಿ ಅವಳ ಬಾಯಿಗೆ ಒಂದು ತುಂಡು ಕೇಕು ತುರುಕಿದೆ.

ಇನ್ಸ್‌ಪೆಕ್ಟರು ಅಜ್ಜಿಯ ಹೊಸ್ತಿಲಲ್ಲೇ ಕೂತು, ಬೆಲ್ಟು ಸಡಿಲಿಸಿ, ಬಟ್ಟಲಿನ ತಳವನ್ನು ಬ್ರೆಡ್ಡಿನಿಂದ ಒರೆಸುತ್ತಿದ್ದರು. ಅಜ್ಜಿ ಊರುಗೋಲಿನಿಂದ ಅವರ ಮಂಡಿ ತಟ್ಟಿದರು.

"ಏನಪ್ಪಾ, ಇದು ಯಾವತ್ತಿಗೆ ಸರಿಹೋಗುತ್ತೆ?"

"ಮಂಗಳವಾರದ ಹೊತ್ತಿಗೆ ಪಾರ್ಟು ಬರುತ್ತೆ ಅಜ್ಜಿ. ಆಮೇಲೆ ನೀವು ದಿನಾ ಕೆಳಗೆ ಹೋಗಿಬರ್ಬೋದು."

"ಹೋಗ್ತೀನಪ್ಪ, ಹೋಗ್ದೆ ಬಿಡ್ತೀನಾ? ಆದ್ರೆ ನನ್ನ ಬಾಗಿಲಿಗೆ ಇಷ್ಟು ಜನ ಬರೋದು ತಪ್ಪಿಹೋಗುತ್ತಲ್ಲಪ್ಪ."

ಇನ್ಸ್‌ಪೆಕ್ಟರು ಬಾಯಿ ಒರೆಸಿಕೊಂಡರು. ಎದ್ದು ನಿಂತು ಬೆಲ್ಟು ಬಿಗಿಮಾಡಿದರು. ಲಿಫ್ಟಿನೊಳಗೆ ಇಣುಕಿ ತಳ ಕಾಣುತ್ತಿದ್ದ ಹಂಡೆಯನ್ನು ಬಹಳ ಹೊತ್ತು ಪರೀಕ್ಷಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಐದೂ ಮಹಡಿಗೆ ಕೇಳುವಂತೆ, ಸರ್ಕಾರಿ ದನಿಯಲ್ಲಿ ಹೇಳಿದರು: "ಪಾರ್ಟು ಹಾಕಿದ ಮೇಲೆ ನಿಯಮದ ಪ್ರಕಾರ ಮತ್ತೊಮ್ಮೆ ಭಾರ ಪರೀಕ್ಷೆ ಆಗ್ಬೇಕು. ಮುಂದಿನ ಭಾನುವಾರ ನಾನೇ ಖುದ್ದಾಗಿ ಬರ್ತೀನಿ. ಭಾರ ಇದೇ ಇರ್ಬೇಕು. ಮೂರನೇ ಮಹಡೀಲೇ ನಿಲ್ಲಿಸಿ ನೋಡ್ಬೇಕು."

ಮೆಟ್ಟಿಲುಗಳೆಲ್ಲ ನಮ್ಮವರ ಕಡೆ ತಿರುಗಿದವು. ನಮ್ಮವರು ಸೌಟು ಹಿಡಿದುಕೊಂಡು, ಭಯದಿಂದ, ನನ್ನ ಮುಖ ನೋಡಿದರು.

"ಈ ಸಲ ಈರುಳ್ಳಿ ಇನ್ನೂ ಸ್ವಲ್ಪ ಜಾಸ್ತಿ ತನ್ನಿ" ಎಂದೆ ನಾನು.